ಇಲಿ ತಿಂದ ಹುಲಿ

ನನ್ನ ಹಳೆಯ ಪುಸ್ತಕದಿಂದ ಬೆಂಕಿಪೊಟ್ಟಣದ ಚಿತ್ರಗಳನ್ನು ಬಿಡಿಸಿ ಹೊಸ ಆಲ್ಬಮ್ಮಿಗೆ ಹಾಕೋಣವೆಂದು ಮಗಳು ನಿನ್ನೆ ಹುಲಿಯ ಚಿತ್ರದ ಅಂಚಿಗೆ ನೀರು ಸವರಿದಳು. ಘಮ್ಮೆಂದು ರಾಗಿಯ ವಾಸನೆ!

ಹನಗೋಡಿನ ನಮ್ಮ ಮನೆಯಲ್ಲಿ ಗೋಂದು ಕೇಳಿದರೆ ಅಜ್ಜಿ ತನ್ನ ತಟ್ಟೆಯ ಮುದ್ದೆಯಿಂದಲೇ ಚೂರು ಮುರಿದು ಕೊಡುತ್ತಿದ್ದಳು. "ಅಂಗಡಿಗ್ಯಾಕವ್ವ? ಇದು ಅಂಟಿದ್ರೆ ಬುಡಾಕಿಲ್ಲ ಕಣವ್ವ."

ಹೊಗೆಸೊಪ್ಪು ಒಣಗಿಸಲು ಬೆಂಕಿ ಹಾಕುವ ಬ್ಯಾರನ್ ಮನೆಯ ಹತ್ತಿರ ಆಯ್ದು ತಂದು ಹಾಗೆ ಅಂಟಿಸಿದ ಹುಲಿ ಅದು. ಬೆಳಗಾಗುವಷ್ಟರಲ್ಲಿ ರಾಗಿಯ ಆಸೆಗೆ ಬಂದ ಇಲಿ ಅದರ ಬಾಲವನ್ನು ಹಾಳೆಯ ಸಮೇತ ತಿಂದುಹಾಕಿತ್ತು. ನಾನು ಅತ್ತರೆ ಅಜ್ಜಿ ಬಿದ್ದು ಬಿದ್ದು ನಕ್ಕಳು. "ಹುಲೀನೇ ತಿಂದೈತೆ ಅಂದ್ರೆ ಅದೆಂಥಾ ಇಲಿ ಇರ್ಬೇಕವ್ವ!"

"ಬಿಡಿಸ್ಲೇನಮ್ಮ?" ಎಂದಳು ಮಗಳು.

ಬೇಡವೆಂದೆ. ಇಲಿಯ ಹಲ್ಲಿನ ಗುರುತಿರುವುದು ಹಾಳೆಯಲ್ಲಿ. ಅಲ್ಲಿಂದ ಎದ್ದರೆ ನಮ್ಮ ಹುಲಿ ಬರೀ ಹರಿದ ಕಾಗದ.