ಅಳಿಸಿದರೂ ಬರುವ ಬಳ್ಳಿ

ಕಾಪುವಿನ ಮೆಹರುನ್ನಿಸಾ ಮದುಮಗಳ ರವಿಕೆಗೆ ಹಾಕಿದ ಕಸೂತಿ ಊರಲ್ಲಿ ಇನ್ನೊಬ್ಬಳ ಮೈಮೇಲೆ ಕಾಣಿಸುವುದಿಲ್ಲ. ರವಿಕೆ ಕೊಡುವಾಗ ಹುಡುಗಿಯ ತಾಯಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಆ ಡಿಸೈನನ್ನು ಅವರ ಕಣ್ಣೆದುರಿಗೇ ಅಳಿಸಿಬಿಡುತ್ತಾರೆ. ದೊಡ್ಡ ಅಂಗಡಿಗಳನ್ನು ಬಿಟ್ಟು ಜನ ಇವರ ಜಗಲಿ ಹತ್ತುವುದು ಆ ಒಂದು ಮಾತಿಗಾಗಿ.

ಹಳೆಯ ಕಂಪ್ಯೂಟರ್ ಕೈಕೊಟ್ಟಾಗ ಫಜೀತಿ ಶುರುವಾಯಿತು. ಕಸೂತಿ ಯಂತ್ರಕ್ಕೆ ಡಿಸೈನ್ ಬಿಡಿಸುವ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು; ಹೊಸ ಲ್ಯಾಪ್‌ಟಾಪ್ ಅದನ್ನು ಹತ್ತಿರ ಸೇರಿಸಲಿಲ್ಲ. ಬನ್ನಂಜೆಯ ರಿಪೇರಿ ಅಂಗಡಿಯ ಕ್ಲಾಯ್ಡ್ ಒಂದು ಉಪಾಯ ಹೂಡಿ, ಲ್ಯಾಪ್‌ಟಾಪಿನೊಳಗೇ ಹಳೆಯ ವಿಂಡೋಸನ್ನು ಕೂರಿಸಿಕೊಟ್ಟ. ಕೆಟ್ಟ ಡಿಸ್ಕಿನಿಂದ ಉಳಿಸಿದ್ದ ಒಂದೇ ಡಿಸೈನನ್ನೂ ಅದರೊಳಗೆ ಹಾಕಿದ. ಅದು ಕುಶಲಾ ಅವರ ಮಗಳು ಮೋಕ್ಷಾಳ ಮದುವೆಯ ಬಳ್ಳಿ. ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್ ಎಂದರೆ ಮೆಹರುನ್ನಿಸಾರಿಗೆ ತಲೆಬುಡ ತಿಳಿಯಲಿಲ್ಲ. ಕೆಲಸ ನಡೆಯಿತಲ್ಲ, ಸಾಕು ಎಂದುಕೊಂಡರು.

ರವಿಕೆ ಮುಗಿಯಿತು. ಕುಶಲಾ ಅವರ ಎದುರಿಗೇ ಬಳ್ಳಿಯನ್ನು ಅಳಿಸಿದ್ದೂ ಆಯಿತು. ಮರುದಿನ ತೆರೆದರೆ ಬಳ್ಳಿ ಅಲ್ಲೇ ಇದೆ! ಅಳಿಸಿದರು. ಅದರ ಮರುದಿನವೂ ಬಂತು. ವೆರೊನಿಕಾಳ ಮಗಳು ಆನಿಗಾಗಿ ಹಿಂದಿನ ಸಂಜೆ ಬಿಡಿಸಿಟ್ಟಿದ್ದ ಹೊಸ ಹೂವು ಮಾತ್ರ ಕಾಣೆ. ಬೇಕಾದದ್ದು ಮಾಯ, ಬೇಡದ್ದು ಹಾಜರ್. ನನಗೇ ಅರಳುಮರಳೋ ಎಂದು ಅವರಿಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಡಿಸೈನ್ ನೋಡಲು ವೆರೊನಿಕಾ ಬಂದಳು. ಪರದೆ ನೋಡಿದವಳೇ ಕೇಳಿದಳು: "ಇದು ಮೋಕ್ಷಾಳದ್ದಲ್ವಾ? ಅವರ ಮನೆಯಲ್ಲಿ ರವಿಕೆ ನೋಡಿದ್ದೆ. ನೀವು ಅಳಿಸಿದ್ದೀರಿ ಅಂತ ಕುಶಲಕ್ಕ ಹೇಳ್ತಿದ್ರು."

ಸಂಜೆಗೆ ಕುಶಲಾ ಅವರ ಫೋನು ಬಂತು. "ನನ್ನೆದುರು ಅಳಿಸಿದ್ದು ನಾಟಕವಾ, ಮೆಹರಕ್ಕ?"

ಮೆಹರುನ್ನಿಸಾರಿಗೆ ಅಳು ತಡೆಯಲಾಗಲಿಲ್ಲ. ಇಷ್ಟು ವರ್ಷ ಕಾಪಾಡಿದ ಹೆಸರು ಮಣ್ಣುಪಾಲಾಗುವುದರಲ್ಲಿತ್ತು. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಬನ್ನಂಜೆಯ ಬಸ್ಸು ಹತ್ತಿದರು.

"ನಾನೇ ಹಾಗೆ ಇಟ್ಟದ್ದು, ಆಂಟಿ," ಎಂದ ಕ್ಲಾಯ್ಡ್. "ಏನಾದ್ರೂ ಹಾಳಾದ್ರೆ ನಿಮಗೆ ಕಷ್ಟ ಅಂತ. ಮುಚ್ಚಿದ ಕೂಡಲೇ ಒಳಗಿನ ಕಂಪ್ಯೂಟರ್ ನಾನು ಕೂರಿಸಿದ ದಿನ ಇದ್ದ ಹಾಗೇ ಆಗ್ತದೆ."

"ಆಮೇಲೆ ನಾನು ಮಾಡಿದ್ದೆಲ್ಲ ಎಂತ ಆಗ್ತದೆ?"

"ಮಾಡಲೇ ಇಲ್ಲದ ಹಾಗೆ."

"ಇದನ್ನು ಕುಶಲಕ್ಕನಿಗೆ ಹೇಗೆ ಹೇಳುವುದು ಮಾರಾಯ? ನನಗೇ ಅರ್ಥ ಆಗ್ಲಿಲ್ಲ."

ಕ್ಲಾಯ್ಡ್ ಏನೋ ಒತ್ತಿ, ಇನ್ನು ಹಾಗಾಗುವುದಿಲ್ಲ ಎಂದ. ಮೊದಲೂ ಅವನು ಎಲ್ಲ ಸರಿ ಉಂಟು ಎಂದೇ ಹೇಳಿದ್ದ.

ಕರೆಸಿಕೊಂಡದ್ದಕ್ಕೆ ಕುಶಲಾ ಬಂದರು, ಕೊಟ್ಟ ಚಹಾ ಮುಟ್ಟಲಿಲ್ಲ. ಮೆಹರುನ್ನಿಸಾ ಬಳ್ಳಿಯನ್ನು ಮತ್ತೆ ಅಳಿಸಿದರು.

"ನಾಳೆ ಪುನಃ ಬರುವುದಿಲ್ವಾ?"

ಕ್ಲಾಯ್ಡ್ ಹೇಳಿದ್ದನ್ನು ನಂಬಿ ಇಲ್ಲ ಎನ್ನಲು ಮೆಹರುನ್ನಿಸಾರಿಗೆ ಧೈರ್ಯ ಬರಲಿಲ್ಲ. "ಗೊತ್ತಿಲ್ಲ ಕುಶಲಕ್ಕ. ಬೆಳಿಗ್ಗೆ ಬನ್ನಿ, ಒಟ್ಟಿಗೆ ನೋಡುವ."

ಬೆಳಿಗ್ಗೆ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತರು. ಪರದೆ ತೆರೆಯಿತು, ಬಳ್ಳಿ ಇರಲಿಲ್ಲ. ಕುಶಲಾ ಅವರ ಮುಖ ಸಡಿಲವಾಯಿತು. ದುಡುಕಿ ಮಾತಾಡಿದೆ ಎಂದರು, ಚಹಾವನ್ನೂ ಕುಡಿದರು.

ಆನಿಯ ಹೂವನ್ನು ಮೆಹರುನ್ನಿಸಾ ಹೊಸದಾಗಿ ಬಿಡಿಸಿದರು. ರವಿಕೆ ಒಯ್ಯಲು ಬಂದ ವೆರೊನಿಕಾಳ ಎದುರು ಅದನ್ನು ಅಳಿಸಿಯೂ ಆಯಿತು. "ನಿಮ್ಮ ಮಾತಿದ್ರೆ ಸಾಕು," ಎಂದು ವೆರೊನಿಕಾ ಎದ್ದಳು.

"ಮಾತು ಬೇಡ," ಎಂದರು ಮೆಹರುನ್ನಿಸಾ. "ನಾಳೆ ಒಮ್ಮೆ ಬಂದು ನೋಡಿ ಹೋಗು."