ನಿಂತವರಿಗೊಂದು ಸ್ಟೂಲು

ಬೇಗಂಪೇಟೆಯ ಆಕಾಶದಲ್ಲಿ ಇನ್ನೂ ಬೆಳಕು ಹರಿದಿಲ್ಲ. ದೂರದಲ್ಲೊಂದು ವಿಮಾನ ಇಳಿಯಲೆಂದು ತಗ್ಗುತ್ತಿದೆ. ಸುಂದರಾಬಾಯಿ ಬಡಗಿಯ ಮರದ ಕೊಡತಿ ಹಿಡಿದ ಕೈ ಮೇಲೆತ್ತಿ, ಕಿವಿಗೊಟ್ಟು ನಿಂತಿದ್ದಾರೆ. ಸುತ್ತ ಏಳನೆಯ ತರಗತಿಯ ಮಕ್ಕಳು, ಅವರ ಕೈಯಲ್ಲೂ ಕೊಡತಿ. ಸದ್ದು ಹತ್ತಿರವಾಗುತ್ತದೆ, ಮಾಡಿನ ಹೆಂಚು ಅದುರುತ್ತದೆ, ವಿಮಾನದ ಹೊಟ್ಟೆ ಶಾಲೆಯ ಶಿಲುಬೆಯನ್ನು ಸವರಿಕೊಂಡೇ ಹೋದಂತೆ ಕಾಣುತ್ತದೆ. "ಮಾರೋ" ಎನ್ನುತ್ತಾರೆ ಸುಂದರಾಬಾಯಿ. ಎಲ್ಲ ಕೊಡತಿಗಳೂ ಒಟ್ಟಿಗೆ ಬೀಳುತ್ತವೆ. ವಿಮಾನ ಗೋಡೆಯಾಚೆ ನೆಲ ಮುಟ್ಟಿ ಸದ್ದು ಅಡಗಿತೋ, ಕೊಡತಿಗಳೂ ಎತ್ತಿದಲ್ಲೇ ನಿಲ್ಲುತ್ತವೆ. ಮುಂದಿನ ವಿಮಾನದವರೆಗೆ ಬರೀ ಪಿಸುಮಾತು.

ಅಂಗಳದ ಆಚೆ ಬದಿಯ ಕೋಣೆಯಲ್ಲಿ ಪ್ರಾಂಶುಪಾಲ ಫಾದರ್ ಇನ್ನಯ್ಯನವರು ಮಲಗಿದ್ದಾರೆ. ಅವರು ಬೆಳಗಿನ ಪೂಜೆಗೆ ಎದ್ದು ಬರುವಷ್ಟರಲ್ಲಿ ಇಲ್ಲಿರುವ ಎಲ್ಲ ಸ್ಟೂಲುಗಳಿಗೂ ಬೆಣೆ ಬೀಳಬೇಕು. ಕಾಲುಗಳ ತುದಿ ಹಲಗೆಯ ತೂತುಗಳಿಂದ ಮೇಲೆ ಇಣುಕಿದೆ, ಆ ತುದಿಯ ಸೀಳಿನಲ್ಲಿ ಬೆಣೆ ಹೊಡೆದರೆ ಹಲಗೆ ಮತ್ತು ಕಾಲು ಒಂದಾಗಿಬಿಡುತ್ತವೆ. ಆಮೇಲೆ ಅದನ್ನು ಒಡೆಯಬಹುದೇ ಹೊರತು ಬಿಚ್ಚಲಾಗದು. ಮಕ್ಕಳು ಮನೆಯಲ್ಲಿ ಹಬ್ಬದ ಹಾಡಿನ ಅಭ್ಯಾಸವಿದೆ ಎಂದು ಹೇಳಿ ಬಂದಿದ್ದಾರೆ. "ಸುಳ್ಳು ಹೇಳಬಾರದಿತ್ತು" ಎಂದು ಒಬ್ಬಳು ಗೊಣಗಿದರೆ, ಇನ್ನೊಬ್ಬ, "ಹಾಡಿದರಾಯಿತು ಬಿಡು, ವಿಮಾನ ಬಂದಾಗ" ಎನ್ನುತ್ತಾನೆ.

ಈ ಪ್ರಿಪರೇಟರಿ ಶಾಲೆಯ ಹೆಸರು ಪತ್ರಿಕೆಯಲ್ಲಿ ಬರೆಯಬೇಡಿ ಎಂದು ಸುಂದರಾಬಾಯಿ ಕೇಳಿಕೊಂಡಿದ್ದಾರೆ. "ಉಂಡ ಮನಿ ಐತ್ರಿ ಯವ್ವಾ. ಬೈಯೂದಿದ್ರ ಒಳಗ ನಿಂತು ಬೈತೀನಿ." ಬರೆಯುವುದಿಲ್ಲ. ಆದರೆ ಇವರ ಹೆಸರು ಬರೆಯಲೇಬೇಕು, ಯಾಕೆಂದರೆ ಶಾಲೆ ಅದನ್ನು ಎಲ್ಲಿಯೂ ಬರೆದಿಲ್ಲ.

ನಾನು ಚಿಕ್ಕವಳಿದ್ದಾಗ ಅಜ್ಜಿ ಮರದ ಕುದುರೆಯ ಕತೆ ಹೇಳುತ್ತಿದ್ದಳು. ಬಡಗಿಯೊಬ್ಬ ಕುದುರೆ ಕಡೆಯುತ್ತಾನೆ, ರಾಜಕುಮಾರ ಅದನ್ನು ಹತ್ತಿ ಏಳು ಸಮುದ್ರ ಹಾರುತ್ತಾನೆ, ರಾಜಕುಮಾರಿಯನ್ನು ಗೆದ್ದು ತರುತ್ತಾನೆ. ರಾಜಕುಮಾರನಿಗೆ ಹೆಸರಿತ್ತು, ಅವನ ಊರಿಗೂ ಹೆಸರಿತ್ತು. ಬಡಗಿಯ ಹೆಸರೇನಜ್ಜಿ ಎಂದರೆ ಅಜ್ಜಿ ಎಲೆಯಡಿಕೆ ಅಗಿಯುತ್ತಾ, "ಅವನೇನು, ಬಡಗಿ" ಎಂದುಬಿಡುತ್ತಿದ್ದಳು. ಆ ಉತ್ತರಕ್ಕೆ ಆಗ ಬಂದಿದ್ದ ಸಿಟ್ಟು ಈ ಶಾಲೆಯ ಕಚೇರಿಯಲ್ಲಿ ನನಗೆ ಮತ್ತೆ ಬಂತು. ಮರಗೆಲಸ ಕಲಿಸುವವರು ಯಾರು ಎಂದು ಕೇಳಿದ್ದಕ್ಕೆ ಅಲ್ಲಿನ ಗುಮಾಸ್ತರು, "ಕ್ರಾಫ್ಟ್ ಸರ್ ಇದ್ದಾರಲ್ಲ" ಎಂದರು. ಕ್ರಾಫ್ಟ್ ಸರ್ ಕಂಪ್ಯೂಟರ್ ಕೊಠಡಿಯಲ್ಲಿದ್ದರು. ಎರಡು ವರ್ಷದಿಂದ ಅಲ್ಲೇ ಇದ್ದಾರೆ. ಉಳಿ ಹಿಡಿಯುವುದನ್ನು ಕಲಿಸುವವರು ಆಯಾ ಎಂಬ ಹುದ್ದೆಯಲ್ಲಿ, ಆಯಾಳ ಸಂಬಳದಲ್ಲಿ ಇರುವ ಸುಂದರಾಬಾಯಿ. ಮಕ್ಕಳ ಬಾಯಲ್ಲಿ ಆಯಮ್ಮ.

ಶಾಲೆಯ ಬಣ್ಣದ ಪ್ರಚಾರಪತ್ರಿಕೆ ನನ್ನ ಕೈಯಲ್ಲಿದೆ. 'ಕೈಯಿಂದ ಕಲಿಕೆ' ಎಂಬ ದಪ್ಪಕ್ಷರದ ಕೆಳಗೆ ಹುಡುಗಿಯೊಬ್ಬಳು ಹಲಗೆಗೆ ರಂದಾ ಹೊಡೆದು ನಯಗೊಳಿಸುತ್ತಿದ್ದಾಳೆ. ಆ ಪುಟ್ಟ ಕೈಗಳ ಮೇಲೆ ಇನ್ನೆರಡು ಕೈಗಳಿವೆ, ಹಿತ್ತಾಳೆಯ ಬಳೆ, ಒಡೆದ ಹೆಬ್ಬೆರಳಿನ ಉಗುರು. ಮೊಣಕೈಯಿಂದ ಮೇಲೆ ಚಿತ್ರ ಮುಗಿದಿದೆ. ಇದನ್ನು ಸುಂದರಾಬಾಯಿಗೆ ತೋರಿಸಿದರೆ ನಗುತ್ತಾರೆ: "ಮಾರಿ ಹಾಕಿದ್ರ ಯಾರು ಮಕ್ಕಳನ್ನ ಸೇರಸ್ತಾರ್ರಿ? ಬಳಿ ಚಂದ ಬಿದ್ದಾವ ನೋಡ್ರಿ." ಅವರು ನಕ್ಕರು. ನನಗೆ ನಗಲಾಗಲಿಲ್ಲ.

ಬಸವಕಲ್ಯಾಣದ ಕಡೆಯ ಬಡಿಗೇರ ಮನೆತನದ ಸೊಸೆ ಇವರು. ಗಂಡ ಹಣಮಂತರಾಯ ಇದೇ ಶಾಲೆಯಲ್ಲಿ ಬೆಂಚು ರಿಪೇರಿಗೆ ಇದ್ದವರು. "ಮನ್ಯಾಗ ಹೆಂಗಸ್ರು ಉಳಿ ದಾಟಂಗಿಲ್ರಿ. ದಾಟಿದ್ರ ಬೈಗಳ. ಆದ್ರ ಉಳಿ ಮಸಿಯೂದು ಯಾರು? ನಾನ. ಹಿಡಕಿ ಹಾಕೂದು ಯಾರು? ನಾನ. ಹಿಡದು ಕೆಲಸ ಮಾಡಿದ್ರಷ್ಟ ಪಾಪ ಬರತಿತ್ತು." ಗಂಡ ಎದೆಬೇನೆಯಲ್ಲಿ ತೀರಿಕೊಂಡ ಮೇಲೆ ಶಾಲೆ ಇವರಿಗೆ ಕಸ ಗುಡಿಸುವ ಕೆಲಸ ಕೊಟ್ಟಿತು. ಮರಗೆಲಸದ ಕೊಠಡಿಯನ್ನು ಆಗ ನಡೆಸುತ್ತಿದ್ದವರು ಮಂಗಳೂರಿನ ಬ್ರದರ್ ಸಿರಿಲ್. ಗುಡಿಸಲು ಬಂದ ಹೆಂಗಸು ಮಕ್ಕಳ ಕೈಯ ಉಳಿ ಕಸಿದು ಮಸೆದು ಕೊಡುವುದನ್ನು ನೋಡಿ, ಪೊರಕೆ ಕೆಳಗಿಡಿ, ಇಲ್ಲಿ ಬನ್ನಿ ಎಂದರಂತೆ. ಬ್ರದರ್ ತೀರಿಕೊಂಡು ಬಹಳ ಕಾಲವಾಯಿತು. ಅಂದಿನಿಂದ ಉಪ್ಪಲ್‌ನ ಬಾಡಿಗೆ ಕೋಣೆಯಿಂದ ಮೊದಲ ಬಸ್ಸು ಹಿಡಿದು ಬಂದು ಸುಂದರಾಬಾಯಿ ಈ ಕೊಠಡಿಯ ಬಾಗಿಲು ತೆಗೆಯುತ್ತಿದ್ದಾರೆ. ಪಾಠದ ನಡುವೆ ಕರೆ ಬಂದರೆ ಎಲ್‌ಕೆಜಿಯ ಮಗುವನ್ನು ತೊಳೆಸಿ ಬರುತ್ತಾರೆ. ಕೈ ಒರೆಸಿಕೊಂಡು ಮತ್ತೆ ಗರಗಸ.

ಬ್ರದರ್ ಸಿರಿಲ್ ಬಿಟ್ಟುಹೋದ ಪದ್ಧತಿಯೊಂದಿದೆ. ಶಾಲೆ ಬಿಡುವ ವರ್ಷ ಪ್ರತಿ ಮಗುವೂ ಒಂದು ಸ್ಟೂಲು ಮಾಡಬೇಕು. ಅದು ತನಗಲ್ಲ, ನಿಂತೇ ದುಡಿಯುವ ಯಾರಿಗಾದರೂ. ಮೊದಲು ಅಂಥವರೊಬ್ಬರನ್ನು ಹುಡುಕಿ ಒಂದು ಮಧ್ಯಾಹ್ನ ಅವರ ಜೊತೆ ತಾನೂ ನಿಲ್ಲಬೇಕು. ಕಾಲು ನೋಯಬೇಕು. ಆಮೇಲೆ ದಾರ ಹಿಡಿದು ಅವರ ಮೊಣಕಾಲಿನ ಎತ್ತರ ಅಳೆದು ತರಬೇಕು, ಆ ದಾರದಷ್ಟೇ ಸ್ಟೂಲಿನ ಕಾಲು. ಕಂಪನಿಗಳಿಗೆ ಕಂಪ್ಯೂಟರ್ ಹೊತ್ತು ಬಂದ ಪೆಟ್ಟಿಗೆಗಳ ಕಟ್ಟಿಗೆಯೇ ಹಲಗೆ. ಅಂಚು ನುಣುಪಾಯಿತೆಂದು ಮಗು ಹೇಳಿದರೆ ಸುಂದರಾಬಾಯಿ ತಮ್ಮ ಸೆರಗಿನಿಂದ ಸವರುತ್ತಾರೆ, ನೂಲು ಸಿಕ್ಕಿದರೆ ಮತ್ತೆ ಮರಳು ಕಾಗದ. ಬೆಣೆ ಹೊಡೆಯುವ ಮೊದಲು, ಕಾಲು ಕಳಚದಂತೆ ಹಗ್ಗ ಕಟ್ಟಿ ಒಯ್ದು ಆ ಮನುಷ್ಯರನ್ನು ಕೂರಿಸಿ, ಪಾದ ನೆಲಕ್ಕೆ ತಾಗುತ್ತದೆಯೇ ಎಂದು ನೋಡಿ ಬರಬೇಕು. ಸಂತ ಜೋಸೆಫರು ಬಡಗಿಯಲ್ಲವೇ, ಮಾರ್ಚ್ ತಿಂಗಳ ಅವರ ಹಬ್ಬದ ದಿನ ಸ್ಟೂಲು ಅವರವರಿಗೆ ಸೇರುತ್ತದೆ. ಇಸ್ತ್ರಿಯವಳು, ಲಿಫ್ಟಿನವನು, ಸೀರೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೂ ಕೂರಬಾರದೆಂದು ಕಟ್ಟಪ್ಪಣೆಯಿರುವ ಹುಡುಗಿ. ಈ ನಗರದಲ್ಲಿ ನಿಂತವರನ್ನು ಹುಡುಕಲು ಮಕ್ಕಳು ಎಂದೂ ದೂರ ಹೋಗಬೇಕಾಗಿ ಬಂದಿಲ್ಲ.

ಈ ವರ್ಷ ಮೈಸೂರಿನ ಕಡೆಯ ಮಧುರಾ ಎಂಬ ಹುಡುಗಿ ತನ್ನ ಅಪಾರ್ಟ್‌ಮೆಂಟಿನ ವಾಚ್‌ಮನ್ ತಾಯಪ್ಪನ ಮೊಣಕಾಲು ಅಳೆದಳು. ಯಾದಗಿರಿಯ ತಾಯಪ್ಪ ಬೆಳಕು ಹರಿಯುವ ಮೊದಲು ಗೇಟಿಗೆ ಬಂದರೆ ರಾತ್ರಿ ಎಂಟರವರೆಗೆ ಅಲ್ಲೇ. ಅವನಿಗೆ ಕುರ್ಚಿಯಿಲ್ಲ. ಕೂರಿಸಿ ನೋಡುವ ದಿನ ಅವನು ಸ್ಟೂಲಿನ ಮೇಲೆ ಕುಳಿತದ್ದನ್ನು ಮೇಲಂತಸ್ತಿನ ಯಾರೋ ಕಂಡರು. ಸಂಜೆಯೊಳಗೆ ಅಪಾರ್ಟ್‌ಮೆಂಟ್ ಸಂಘದ ತೀರ್ಮಾನವಾಯಿತು. ಕುಳಿತವನು ಮಲಗುತ್ತಾನೆ, ಆದ್ದರಿಂದ ಸ್ಟೂಲು ಜನರೇಟರ್ ಕೋಣೆಗೆ, ಬೀಗದ ಕೈ ಕಾರ್ಯದರ್ಶಿಗೆ. ಕಾರ್ಯದರ್ಶಿ ಮಧುರಾಳ ತಂದೆಯೇ.

ತಾಯಪ್ಪನನ್ನು ಗೇಟಿನಲ್ಲೇ ಮಾತಾಡಿಸಿದೆ. "ಸ್ಟೂಲ್ ಆರಾಮ ಐತ್ರಿ ಮೇಡಂ. ನೆಳ್ಳಾಗ ಕುಂತೈತಿ. ನಾನ ನಿಂತೀನಿ" ಎಂದ. ಹೆಸರು ಹಾಕಬಹುದೇ ಎಂದೆ. "ಹಾಕ್ರಿ. ಇಲ್ಲಿ ಕನ್ನಡ ಬರೋರು ಆ ಸೆಕ್ರೆಟರಿ ಸಾಹೇಬ್ರು ಒಬ್ರ, ಅವ್ರು ಇಂಗ್ಲಿಷ್ ಪೇಪರ್ ಓದ್ತಾರ."

ಮಧುರಾಳ ತಂದೆ ಕೆಟ್ಟವರಲ್ಲ. ತಮ್ಮ ಸಾಫ್ಟ್‌ವೇರ್ ಕಂಪನಿಯ ಕಚೇರಿಗೆ ಕರೆದು, ಕಾಫಿ ಕೊಟ್ಟು, ಹಿಂದಕ್ಕೆ ಒರಗುವ ಕುರ್ಚಿಯಲ್ಲಿ ಒರಗಿ ಮಾತಾಡಿದರು. "ಕೂರಬೇಡಿ ಅಂತ ನಾವೆಲ್ಲಿ ಹೇಳಿದೀವಿ ಹೇಳಿ. ಮಲಗಬಾರದು ಅಷ್ಟೆ. ಅದಕ್ಕೇ ಒಂದು ಪರಿಹಾರ ಕಂಡುಹಿಡಿದಿದೀವಿ." ಪರಿಹಾರವೆಂದರೆ ಹಲಗೆಯ ಅಡಿಗೆ ಕೂರುವ ಒಂದು ಪುಟ್ಟ ಡಬ್ಬಿ. ಯಾರಾದರೂ ಕುಳಿತು ಹತ್ತು ನಿಮಿಷವಾಯಿತೋ, ಅದು ಬಡಿದುಕೊಳ್ಳತೊಡಗುತ್ತದೆ. ಎದ್ದು ನಿಂತರೆ ಮಾತ್ರ ಬಾಯಿ ಮುಚ್ಚುತ್ತದೆ. ಇನ್ನು ಅವರ ಕಂಪನಿ ಶನಿವಾರಗಳಂದು ಶಾಲೆಗೆ ಬಂದು ಮಕ್ಕಳಿಗೆ ಅದನ್ನು ಜೋಡಿಸಲು ಕಲಿಸಲಿದೆ. ಮೊಣಕಾಲು ಅಳೆಯುವ ತಂಟೆಯಿಲ್ಲ, ಎಲ್ಲಕ್ಕೂ ಒಂದೇ ಎತ್ತರ. ಹೊರಡುವಾಗ ಅವರು ಕಚೇರಿ ಸುತ್ತಿಸಿ ತೋರಿಸಿದರು. ಒಂದು ಕೋಣೆಯಲ್ಲಿ ಮಂದ ದೀಪ, ಮೆತ್ತನೆಯ ಉದ್ದ ಸೋಫಾಗಳು. ಮಧ್ಯಾಹ್ನ ಉದ್ಯೋಗಿಗಳು ಒಂದು ನಿದ್ದೆ ತೆಗೆಯಲಿಕ್ಕಂತೆ. ಅಲ್ಲಿ ಯಾವ ಡಬ್ಬಿಯೂ ಬಡಿದುಕೊಳ್ಳುತ್ತಿರಲಿಲ್ಲ.

ಫಾದರ್ ಇನ್ನಯ್ಯನವರಿಗೆ ಯೋಜನೆ ಹಿಡಿಸಿತು. ಹಳೆಯದೂ ಉಳಿಯಿತು, ಹೊಸದೂ ಬಂತು, ಪೋಷಕರೂ ಸಂತೋಷ. ಹಲಗೆಗಳಲ್ಲಿ ಡಬ್ಬಿ ಕೂರುವಷ್ಟು ಗುಳಿ ತೋಡಿಸಿ ಎಂದು ಸುಂದರಾಬಾಯಿಗೆ ಹೇಳಿದರು. ತೋಡಿಸಿದರೆ ಜೂನ್‌ನಿಂದ ಕಂಪನಿ ಸಜ್ಜುಗೊಳಿಸುವ ಹೊಸ ಕೊಠಡಿಯಲ್ಲಿ ಅವರಿಗೂ ಒಂದು ಮೂಲೆ ಉಂಟು. ಇಲ್ಲವಾದರೆ ಎಲ್‌ಕೆಜಿಗೆ ಆಯಾ, ದಿನವಿಡೀ, ಅಷ್ಟೇ.

"ನಾ ಅವತ್ತ ಹೇಳಿದೆ, ಆಗಂಗಿಲ್ರಿ ಫಾದರ್ ಅಂತ" ಎನ್ನುತ್ತಾರೆ ಸುಂದರಾಬಾಯಿ. ಇಷ್ಟು ಹೊತ್ತು ನಗುತ್ತಿದ್ದ ಮುಖದಲ್ಲಿ ಈಗ ನಗುವಿಲ್ಲ. "ಕೂಡ್ರಸಾಕ ಮಾಡಿದ ಸಾಮಾನ ಐತಿ ಅದು. ಕುಂತವನ್ನ ಒದ್ದು ಎಬ್ಬಸಾಕ ನಾ ಸಣ್ಣ ಹುಡುಗ್ರಿಗೆ ಕಲಸ್ಲೇನ್ರಿ? ಆ ಕೂಸು ಅವನ ಜೋಡಿ ಬಿಸಲಾಗ ನಿಂತಿತ್ತು, ಅವನ ಮಣಕಾಲಿಗೆ ದಾರ ಹಿಡದಿತ್ತು. ಈಗ ಅದರ ಕೈಲೇನ ಅವನ ಅಡಿಗೆ ಕಾವಲು ಇಡಸ್ತಾರಂತ. ಬ್ಯಾರೆ ಯಾರರ ಮಾಡ್ಲಿ. ನಮ್ಮ ಖೋಲ್ಯಾಗ ಬ್ಯಾಡ."

ಫಾದರ್ ಕೊಟ್ಟ ಗಡುವು ಇಂದು. ಕಂಪನಿಯವರು ಯಂತ್ರದೊಂದಿಗೆ ಮಧ್ಯಾಹ್ನ ಬರುತ್ತಾರೆ, ಆ ಯಂತ್ರಕ್ಕೆ ಬಿಡಿ ಹಲಗೆಯೇ ಬೇಕು, ಕಾಲು ಕೂಡಿಸಿದ ಸ್ಟೂಲು ಅದರ ಬಾಯಿಗೆ ಹಿಡಿಸುವುದಿಲ್ಲ. ಅದಕ್ಕೇ ಈ ಕತ್ತಲೆಯ ಕೊಡತಿಗಳು.

ಇನ್ನೊಂದು ವಿಮಾನ. ಇನ್ನೊಂದು ಸುತ್ತು ಬೆಣೆ. ಆಟೋವೊಂದು ಗೇಟಿನಲ್ಲಿ ನಿಲ್ಲುತ್ತದೆ, ಮಧುರಾ ಹಗ್ಗ ಕಟ್ಟಿದ ತನ್ನ ಸ್ಟೂಲನ್ನು ಹೊಟ್ಟೆಗವಚಿಕೊಂಡು ಓಡಿ ಬರುತ್ತಾಳೆ. ಜನರೇಟರ್ ಕೋಣೆಯಿಂದ ಹೇಗೆ ತಂದೆ ಎಂದು ಎಲ್ಲರೂ ಮುತ್ತುತ್ತಾರೆ.

"ಬೀಗದ ಕೈ ಫ್ರಿಜ್ ಮೇಲಿತ್ತು. ಅಪ್ಪ ನಿದ್ದೆ ಮಾಡ್ತಿದ್ರು."

"ತಾಯಪ್ಪ ನೋಡ್ಲಿಲ್ಲೇನು?" ಸುಂದರಾಬಾಯಿ ಕೇಳುತ್ತಾರೆ.

"ನೋಡಿದ್ರು ಆಯಮ್ಮ. ಆಟೋನೂ ಅವರೇ ಕರೆದ್ರು. ಆಮೇಲೆ ಗೇಟಿಗೆ ಒರಗಿ ಕಣ್ಣು ಮುಚ್ಚಿಕೊಂಡ್ರು. ಯಾರಾದ್ರೂ ಕೇಳಿದ್ರೆ ನಿದ್ದೆ ಹತ್ತಿತ್ತು ಅಂತ ಹೇಳ್ತೀನಿ ಅಂದ್ರು."

ಸುಂದರಾಬಾಯಿ ಸೆರಗು ಬಾಯಿಗೊತ್ತಿ ಬಹಳ ಹೊತ್ತು ನಗುತ್ತಾರೆ. ಆಮೇಲೆ ಹಗ್ಗ ಬಿಚ್ಚಿ, ಕಾಲುಗಳನ್ನು ತೂತಿಗೆ ಸೇರಿಸಿ, ಕೊಡತಿಯನ್ನು ಮಧುರಾಳಿಗೇ ಕೊಡುತ್ತಾರೆ. ವಿಮಾನಕ್ಕೆ ಕಾಯುವಷ್ಟು ತಾಳ್ಮೆ ಆ ಹುಡುಗಿಗಿಲ್ಲ. ಕಿವಿ ಗಡಚಿಕ್ಕುವಂತೆ ಬೆಣೆ ಹೊಡೆಯುತ್ತಾಳೆ. ಅಂಗಳದಾಚೆ ದೀಪ ಹತ್ತುತ್ತದೆ.

ಫಾದರ್ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಸಾಲಾಗಿ ನಿಂತ ಸ್ಟೂಲುಗಳು, ಒಂದು ಗಿಡ್ಡ, ಒಂದು ಎತ್ತರ, ಯಾವುದೂ ಇನ್ನೊಂದರಂತಿಲ್ಲ. ಅವರು ಒಂದನ್ನು ತಿರುಗಿಸಿ ಅಡಿ ನೋಡುತ್ತಾರೆ. ಗುಳಿಯಿಲ್ಲ. ಕಾಲು ಎಳೆದು ನೋಡುತ್ತಾರೆ. ಬರುವುದಿಲ್ಲ. ಮಕ್ಕಳಿಗೆ ಪೂಜೆಗೆ ಹೋಗಿ ಎಂದಷ್ಟೇ ಹೇಳಿ, ಅವರು ಹೋದ ಮೇಲೆ ಕೇಳುತ್ತಾರೆ: "ಕಂಪನಿಯವರಿಗೆ ನಾನೇನು ಹೇಳಲಿ, ಸುಂದರಾಬಾಯಿ?"

"ಆಯಾ ಕೆಡಿಸಿದ್ಳು ಅನ್ರಿ."

"ಜೂನ್‌ನಿಂದ ಎಲ್‌ಕೆಜಿ. ಈ ಕೊಠಡಿಯ ಬೀಗದ ಕೈ ಕೊಟ್ಟುಬಿಡಿ."

ಹೀಗೆ ಮುಗಿಯಿತು. ವಿಚಾರಣೆಯಿಲ್ಲ, ಇಷ್ಟು ವರ್ಷ ಕಲಿಸಿದಿರಿ ಎಂಬ ಒಂದು ಮಾತಿಲ್ಲ. ಮಾತಿರಲು ಹೇಗೆ ಸಾಧ್ಯ? ಆಯಾ ಕಲಿಸುತ್ತಿದ್ದಳೆಂದು ಒಪ್ಪಿಕೊಂಡರಲ್ಲವೇ ಆಯಾಳಿಂದ ಕಲಿಸುವ ಕೆಲಸ ಕಸಿದುಕೊಂಡೆವೆಂದು ಒಪ್ಪಿಕೊಳ್ಳಬೇಕಾಗುವುದು. ಸುಂದರಾಬಾಯಿ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. ನೆಲದ ಮೇಲಿನ ಮರದ ಸುರುಳಿಗಳನ್ನು ಗುಡಿಸತೊಡಗಿದರು. ಫಾದರ್ ಹೊರಟಾಗ ಪೊರಕೆ ನಿಲ್ಲಿಸಿ ಕರೆದರು.

"ಒಂದು ಕೇಳೂದಿತ್ರಿ ಫಾದರ್. ಜೋಸೆಫ್ ಸ್ವಾಮ್ಯಾರ ಹಬ್ಬದ ದಿನ ನನಗ ರಜಾ ಬೇಕು. ಇಷ್ಟು ವರ್ಷ ಸ್ಟೂಲ್ ಮಾಡಿಸಿ ಕಳಸೀನಿ. ಮಂದಿ ಕುಂತದ್ದು ಒಂದ ಸಲಾನೂ ಕಣ್ಣಲೆ ನೋಡಿಲ್ರಿ."

ಫಾದರ್ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. "ಹಬ್ಬದ ಊಟ ಇದೆಯಲ್ಲ" ಎಂದರು. "ಪಾತ್ರೆಗಳನ್ನು ಯಾರು ತೊಳೆಯುತ್ತಾರೆ?"

"ತೊಳದ ಹೋಗ್ತೀನ್ರಿ" ಎಂದರು ಸುಂದರಾಬಾಯಿ. "ತಾಯಪ್ಪ ರಾತ್ರಿ ಎಂಟರ ತನಕ ನಿಂತಿರ್ತಾನ."