ಎರಡು ಸಲ ಕೇಳುವ ಶಾಂತಿ

ಶಾಂತಿ ಯಾವ ಮಾತನ್ನೂ ಒಂದೇ ಸಲ ಕೇಳಿ ಬಿಟ್ಟವಳಲ್ಲ. "ಗಂಗಕ್ಕ, ಊಟ ಆಯ್ತಾ?" ಎನ್ನುವಳು. ಆಯ್ತು ಎಂದರೆ ಮುಖವನ್ನೇ ನೋಡಿ, "ದಿಟವಾಗ್ಲೂ?" ಎನ್ನುವಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ಇಲ್ಲ ಕಣಮ್ಮಿ, ಉಪವಾಸ ಬಿದ್ದಿದೀನಿ" ಎಂದು ರೇಗುತ್ತಿದ್ದೆ.

"ನಮ್ಮವ್ವ ಅಡುಗೆ ಸಾಲ್ದಿದ್ರೆ ಉಂಡಿದೀನಿ ಅಂದ್ಬುಡೋಳು, ಗಂಗಕ್ಕ. ಎರಡ್ನೇ ಸಲ ಕೇಳುದ್ರೇನೇ ನಿಜ ಬಾಯಿಗೆ ಬರೋದು" ಎಂದಿದ್ದಳು ಒಮ್ಮೆ. ಆಮೇಲೆ ನಾನು ರೇಗುವುದನ್ನು ಸ್ವಲ್ಪ ಕಡಿಮೆ ಮಾಡಿದೆ.

ಅವಳು ಭೀಮನಬೀಡಿನಲ್ಲಿ ಕೂಲಿ ಮಾಡುವ ಚೆಲುವಯ್ಯ, ರಾಚಮ್ಮನವರ ಮಗಳು. ಡಿಪ್ಲೊಮಾ ಮುಗಿಸಿ, ಗುಂಡ್ಲುಪೇಟೆಯ ನಮ್ಮ ಖಾಸಗಿ ತಾಂತ್ರಿಕ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನನ್ನ ಟೈಪಿಂಗ್ ತರಗತಿ. ಅವಳ ಪ್ರಯೋಗಾಲಯದಲ್ಲಿ ಯಾರೋ ದಾನ ಕೊಟ್ಟ, ಬೇಕಾದಷ್ಟೇ ವೋಲ್ಟೇಜು ಕೊಡುವ ದೊಡ್ಡ ಪವರ್ ಸಪ್ಲೈ ಇತ್ತು. ಅದರ ತಿರುಗಿಸುವ ಗುಂಡಿ ಮುರಿದುಹೋಗಿ, ಕಂಪ್ಯೂಟರಿನಿಂದ ಅಪ್ಪಣೆ ಕೊಟ್ಟರೆ ಮಾತ್ರ ಕೇಳುತ್ತಿತ್ತು. ‘ವೋಲ್ಟ್ 5’ ಎಂದು ಟೈಪ್ ಮಾಡಿದರೆ ಐದಕ್ಕೆ ನಿಲ್ಲುವುದು. ‘ವೋಲ್ಟ್?’ ಎಂದರೆ ಎಷ್ಟಕ್ಕೆ ನಿಂತಿದೆಯೆಂದು ಉತ್ತರಿಸುವುದು. ‘ಔಟ್‌ಪುಟ್ ಆನ್’ ಎಂದ ಮೇಲೆಯೇ ಕರೆಂಟು ಹೊರಗೆ ಹರಿಯುವುದು. ಶಾಂತಿ ಅದನ್ನೂ ಬಿಡದೆ ಎರಡೆರಡು ಸಲ ಕೇಳುತ್ತಿದ್ದಳು.

ತೊಂಬತ್ತೇಳರ ಮಾರ್ಚಿನಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಹೊಗೆ ಎದ್ದಿತು. ಶಾಂತಿಯ ಗಂಡ ಮಹಾಲಿಂಗ ಅಲ್ಲಿ ಕಾಡಿನ ಬೆಂಕಿ ಕಾಯುವ ಫೈರ್ ವಾಚರ್. ಹಿಂದಿನ ದಿನದಿಂದ ಅವನ ಸುದ್ದಿಯಿಲ್ಲ. ಅವನ ಕೈಯಲ್ಲೊಂದು ವೈರ್‌ಲೆಸ್ ಇತ್ತು. ಆದರೆ ಊರಿನ ಅರಣ್ಯ ಕಚೇರಿಯಲ್ಲಿದ್ದ ವೈರ್‌ಲೆಸ್ ಸೆಟ್ಟಿಗೆ ಕರೆಂಟು ಕೊಡುವ ಡಬ್ಬಿ ವೋಲ್ಟೇಜು ಏರಿ ಸುಟ್ಟುಹೋಗಿತ್ತು. ಜೀಪುಗಳೆಲ್ಲ ಇನ್ನೊಂದು ದಿಕ್ಕಿನ ಬೆಂಕಿಗೆ ಹೋಗಿದ್ದವು. ಫಾರೆಸ್ಟ್ ಗಾರ್ಡ್ ಗುರುಮಲ್ಲಯ್ಯ ಸೆಟ್ಟನ್ನು ಹೊತ್ತು ತಂದು ಶಾಂತಿಯ ಮೇಜಿನ ಮೇಲಿಟ್ಟು, ತಾರಸಿಗೆ ಆಂಟೆನಾ ಕಟ್ಟಿದ.

"ಹದಿನೈದು ವೋಲ್ಟ್ ದಾಟುದ್ರೆ ಇದೂ ಸುಟ್ಟೋಯ್ತದೆ ಕಣವ್ವ. ಇನ್ನೊಂದಿಲ್ಲ" ಎಂದ.

ಶಾಂತಿ ತುಟಿ ಕಚ್ಚಿಕೊಂಡು ಟೈಪ್ ಮಾಡಿದಳು. ಹದಿನೈದು ದಾಟಿದರೆ ಯಂತ್ರ ತಾನೇ ಕರೆಂಟು ಕಡಿಯುವ ಅಪ್ಪಣೆ ಮೊದಲು, ಆಮೇಲೆ ‘ವೋಲ್ಟ್ 13.8’. ಕೇಳಿ ನೋಡಿದಳು, ಸರಿಯಿತ್ತು. ‘ಔಟ್‌ಪುಟ್ ಆನ್’ ಎಂಬ ಕೊನೆಯ ಸಾಲೊಂದೇ ಬಾಕಿ. ಅಷ್ಟರಲ್ಲಿ ನಮ್ಮ ಪ್ರಿನ್ಸಿಪಾಲ್ ಗುರುಪಾದಸ್ವಾಮಿಯವರು ಬಂದರು.

"ಮಂಗಳವಾರ ಕಣಮ್ಮ, ರಾಹುಕಾಲ. ಒಂದು ಗಳಿಗೆ ತಡಿ. ನಿನ್ನ ಗಂಡನ ವಿಷಯ ಅಂತಲೇ ಹೇಳ್ತಿರೋದು" ಎಂದು ತಾವೇ ಗೋಡೆಯ ಮೇನ್ ಸ್ವಿಚ್ ಇಳಿಸಿಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. "ಬೆಂಕಿ ಪಂಚಾಂಗ ನೋಡ್ಕೊಂಡು ಹತ್ತುತ್ತಾ ಸಾರ್?" ಎಂದೆ. ಅವರು ಸ್ವಿಚ್ಚಿಗೆ ಅಡ್ಡ ನಿಂತರು. ಶಾಂತಿ ಎದುರಾಡಲಿಲ್ಲ, ಒಳಗೆಲ್ಲೋ ಅವಳಿಗೂ ಭಯ. ಕಿಟಕಿ ಹತ್ತಿರ ನಿಂತು ಹೊಗೆ ನೋಡುತ್ತ ಸೆರಗಿನ ಅಂಚು ಹಿಂಡುತ್ತಿದ್ದಳು.

ಉಳಿದಿದ್ದ ಕಾಲು ಗಂಟೆ ರಾಹುಕಾಲ ಕಳೆಯಿತು. ಗುರುಪಾದಸ್ವಾಮಿಯವರು ಕೈಮುಗಿದು ಸ್ವಿಚ್ ಎತ್ತಿದರು. ಯುಪಿಎಸ್ ಬ್ಯಾಟರಿ ಇದ್ದ ಕಂಪ್ಯೂಟರ್ ಆರಿರಲಿಲ್ಲ. ಅವಳು ಟೈಪ್ ಮಾಡಿದ್ದೆಲ್ಲ ಪರದೆಯ ಮೇಲೆ ಹಾಗೇ ಇತ್ತು.

"ಎಲ್ಲ ಆಗ್ಲೇ ಹೇಳಿದೀಯಲ್ಲವ್ವ, ಹಾಕ್ಬುಡು" ಎಂದ ಗುರುಮಲ್ಲಯ್ಯ. ನಾನೂ "ಹಾಕೇ ಬೇಗ" ಎಂದೆ.

ಶಾಂತಿಯ ಬೆರಳು ಕೀ ಮೇಲೆ ನಿಂತಿತು. "ತಡೀರಿ, ಇನ್ನೊಂದ್ಸಲ ಕೇಳ್ತೀನಿ" ಎಂದು ‘ವೋಲ್ಟ್?’ ಒತ್ತಿದಳು.

ಇಪ್ಪತ್ತನಾಲ್ಕು ಎಂದು ಉತ್ತರ ಬಂತು.

ಸ್ವಿಚ್ ಇಳಿಸಿದಾಗ ಆ ಯಂತ್ರ ಅಂದಿನ ಅಪ್ಪಣೆಗಳನ್ನೆಲ್ಲ ಮರೆತು, ಹಿಂದೆ ಪಾಠಕ್ಕೆಂದು ಅದರಲ್ಲಿ ಉಳಿಸಿಟ್ಟಿದ್ದ ಲೆಕ್ಕಕ್ಕೆ ಹೋಗಿಬಿಟ್ಟಿತ್ತು. ಗುರುಪಾದಸ್ವಾಮಿಯವರ ಮುಖ ಬಿಳಿಚಿಕೊಂಡಿತು. ಶಾಂತಿ ಮತ್ತೆ ಮೊದಲಿನಿಂದ ಟೈಪ್ ಮಾಡಿ, ಒಂದೊಂದನ್ನೂ ಕೇಳಿ, ‘ಔಟ್‌ಪುಟ್ ಆನ್’ ಕೊಟ್ಟಳು. ಸೆಟ್ಟಿನ ದೀಪ ಹತ್ತಿತು.

ಗುರುಮಲ್ಲಯ್ಯ ಎಷ್ಟೋ ಹೊತ್ತು ಕೂಗಿದ. ಬರೀ ಗರಗರ. ಕೊನೆಗೆ ಮಹಾಲಿಂಗನ ದನಿ ಕೇಳಿಸಿತು. ಗುರುಮಲ್ಲಯ್ಯ ಮೈಕನ್ನು ಶಾಂತಿಯ ಕೈಗೆ ಕೊಟ್ಟ.

"ಚೆನ್ನಾಗಿದೀರಾ?" ಎಂದಳು.

"ಚೆನ್ನಾಗಿವ್ನಿ. ಬೆಂಕಿ ಆರ್ತಾ ಅದೆ. ನೀನು ಮನೆಗೋಗು."

ನಾವೆಲ್ಲ ಉಸಿರು ಬಿಟ್ಟೆವು. ಗುರುಮಲ್ಲಯ್ಯ ಮೈಕಿಗೆ ಕೈಚಾಚಿದ. ಅವಳು ಕೊಡಲಿಲ್ಲ.

"ದಿಟವಾಗ್ಲೂ?"

ಗರಗರದ ನಡುವೆ ಅವನ ದನಿ ತಗ್ಗಿತು.

"ಇಲ್ಲ ಕಣಮ್ಮಿ. ಎರಡು ಕಾಲೂ ಸುಟ್ಟೋಗವೆ. ಎದ್ದು ನಿಲ್ಲಕ್ಕಾಯ್ತಿಲ್ಲ. ಬೆಟ್ಟದ ಕೆಳಗಡೆ ಕೆರೆ ಕಟ್ಟೆ ತಾವ ಒಬ್ನೇ ಬಿದ್ದಿವ್ನಿ. ಯಾರ್ನಾರಾ ಕಳ್ಸು."

ಗುರುಪಾದಸ್ವಾಮಿಯವರು ಗಡಿಯಾರದ ಕಡೆ ನೋಡದೆ ತಮ್ಮ ಕಾರಿನ ಬೀಗದ ಕೈ ತೆಗೆದುಕೊಂಡು ಹೊರಗೆ ಓಡಿದರು.